ಕೈ ನೋಡದೆ ಹಾಕಿದ ಸಹಿ

೧೯೮೪ರಲ್ಲಿ ನಾನು ಕಾರ್ಕಳ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಊರು ಶಿರ್ವ, ಓದಿದ್ದು ಮಣಿಪಾಲದಲ್ಲಿ. ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಡಿಪ್ಲೊಮಾ ಮಾಡಿದ್ದರಿಂದ ಜ್ವರ, ಹೆರಿಗೆ, ಹಾವು ಕಡಿತದ ಜೊತೆಗೆ ವಾರಕ್ಕೆ ಎರಡು ದಿನ ಚರ್ಮದ ರೋಗಿಗಳನ್ನು ನೋಡುವುದೂ ನನ್ನ ಪಾಲಿಗೆ ಬಂದಿತ್ತು. ಸರ್ಕಾರಿ ವೈದ್ಯರಿಗೆ ಇನ್ನೊಂದು ಕೆಲಸವೂ ಉಂಟು. ನಾವು ಗೆಜೆಟೆಡ್ ಅಧಿಕಾರಿಗಳು. ಊರಿನಲ್ಲಿ ಯಾರು ಎಲ್ಲಿಗೆ ಅರ್ಜಿ ಹಾಕಿದರೂ ಅವರ ಸರ್ಟಿಫಿಕೇಟಿನ ನಕಲು ಸರಿಯಾಗಿದೆ ಎಂದು ನಾವು ಸಹಿ ಹಾಕಿ ಮೊಹರು ಒತ್ತಬೇಕು.

ಐತಪ್ಪ ಅಂಥ ಸಹಿಗಾಗಿ ಬಂದವನು. ಕಾಪು ಕಡೆಯ ಹುಡುಗ, ಎಂಟನೇ ತರಗತಿ ಪಾಸು, ವಯಸ್ಸು ಇಪ್ಪತ್ತನಾಲ್ಕು. ಮದುವೆಯಾಗಿ ಪೇಟೆಯ ಒಂದು ಲಾಡ್ಜಿನ ಹಿಂದಿನ ಕೋಣೆಯಲ್ಲಿದ್ದ. ಸಮುದ್ರದ ಗಡಿ ಕಾಯುವ ಒಂದು ಇಲಾಖೆಯವರು ತಮ್ಮ ದಡದ ಠಾಣೆಗೆ ಸಫಾಯಿವಾಲಾಗಳನ್ನು ತೆಗೆದುಕೊಳ್ಳುತ್ತಿದ್ದರು. ಇಲಾಖೆಯ ಹೆಸರು ಇಲ್ಲಿ ಬೇಡ. ವಯಸ್ಸಿನ ಮಿತಿ ಇಪ್ಪತ್ತೈದು. ಅರ್ಜಿ ಇಂಗ್ಲಿಷಿನಲ್ಲಿದ್ದುದರಿಂದ ನಾನೇ ತುಂಬಿಕೊಟ್ಟೆ.

“ಸಫಾಯಿವಾಲಾ ಅಂದ್ರೆ ಎಂತ ಡಾಕ್ಟ್ರಮ್ಮ?” ಎಂದು ಕೇಳಿದ.

“ಗುಡಿಸುವವ, ತೊಳೆಯುವವ. ಈಗ ನೀನು ಮಾಡುವ ಕೆಲಸವೇ.”

“ಅದನ್ನೇ ಹಿಂದಿಯಲ್ಲಿ ಹೇಳಿದ್ರೆ ಪೆನ್ಷನ್ ಉಂಟಾ?”

ನಾನು ನಕ್ಕೆ. ಅವನೂ ನಕ್ಕ. ಅರ್ಜಿಯ ಕೆಳಗೆ ಸಹಿ ಹಾಕಲು ಪೆನ್ನು ಕೊಟ್ಟಾಗ ಅವನು ಅದನ್ನು ಬೆರಳ ತುದಿಯಲ್ಲಿ ಹಿಡಿಯದೆ ಮುಷ್ಟಿಯಲ್ಲಿ ಹಿಡಿದು ಬರೆದ. ಬರೆದು ಅಭ್ಯಾಸವಿಲ್ಲ ಎಂದುಕೊಂಡೆ. ನಾನು ಚರ್ಮದ ವೈದ್ಯೆ. ಒಂದಡಿ ದೂರದಲ್ಲಿ ಮೇಜಿನ ಮೇಲಿದ್ದ ಅವನ ಕೈಯನ್ನು ನೋಡಲಿಲ್ಲ. ಮೊಹರು ಒತ್ತಿ ಕಳುಹಿಸಿಬಿಟ್ಟೆ.

ಎರಡು ತಿಂಗಳ ಮೇಲೆ ಮತ್ತೆ ಬಂದ. ಉಡುಪಿಯ ಪ್ರವಾಸಿ ಬಂಗಲೆಯಲ್ಲಿ ಆಯ್ಕೆ ನಡೆದಿತ್ತು. ಓಟ ಆಗಿತ್ತು, ಬಕೆಟು ಪೊರಕೆ ಕೊಟ್ಟು ಕಕ್ಕಸು ತೊಳೆಸಿದ ಪರೀಕ್ಷೆಯೂ ಆಗಿತ್ತು. ಎರಡರಲ್ಲೂ ಪಾಸು. ಕೊನೆಗೆ ವೈದ್ಯಕೀಯ ತಪಾಸಣೆಯಲ್ಲಿ ಒಂದು ಚೀಟಿ ಕೊಟ್ಟಿದ್ದರು. ಅದರಲ್ಲಿದ್ದುದು ಒಂದೇ ಸಾಲು: ಎರಡೂ ಕೈಗಳಲ್ಲಿ ದೀರ್ಘಕಾಲದ ಎಕ್ಸಿಮಾ, ಅನ್‌ಫಿಟ್. ಆರು ವಾರಗಳೊಳಗೆ ಸರ್ಕಾರಿ ತಜ್ಞರ ಅಭಿಪ್ರಾಯ ತಂದರೆ ಮರುಪರೀಕ್ಷೆ ಕೇಳಬಹುದು ಎಂದು ಹಿಂಬದಿಯಲ್ಲಿ ಅಚ್ಚಾಗಿತ್ತು. ಮುಂದಿನ ಆಯ್ಕೆ ಎಂದು ಬರುತ್ತದೋ ಯಾರಿಗೂ ತಿಳಿಯದು. ಅಷ್ಟರಲ್ಲಿ ಅವನಿಗೆ ಇಪ್ಪತ್ತೈದು ದಾಟಿರುತ್ತದೆ.

“ಕೈ ಚಾಚು” ಎಂದೆ. ಅಂಗೈ ಗದ್ದೆಯ ಬಿರುಕಿನಂತೆ ಸೀಳಿತ್ತು. ಬೆರಳ ಸಂದುಗಳಲ್ಲಿ ನೀರು ಜಿನುಗುತ್ತಿತ್ತು. ಉಗುರಿನ ಬುಡ ಊದಿ ಕೆಂಪಾಗಿತ್ತು. ಅವನಲ್ಲಿದ್ದ ಹಳೆಯ ಚೀಟಿಗಳನ್ನು ಬಿಡಿಸಿ ನೋಡಿದೆ. ಸಹಿಗಾಗಿ ಬರುವ ಮೊದಲೇ, ಅದೇ ವರ್ಷ ಎರಡು ಸಲ ಅವನು ಇದೇ ಕೈ ತೋರಿಸಲು ಆಸ್ಪತ್ರೆಗೆ ಬಂದಿದ್ದ; ನನಗೆ ನೆನಪಿರಲಿಲ್ಲ. ಎರಡೂ ಚೀಟಿಗಳಲ್ಲಿ ನನ್ನದೇ ಅಕ್ಷರ. ಉದ್ಯೋಗ ಎಂಬಲ್ಲಿ ‘ಕೂಲಿ’, ಕೆಳಗೆ ಒಂದು ಮುಲಾಮಿನ ಹೆಸರು. ಅಷ್ಟೇ.

ಆ ಕೈ ಹಿಡಿದುಕೊಂಡು ಮೂರನೆಯ ಸಲ ಬಂದ ಈಗ ಮೊದಲ ಬಾರಿಗೆ ಕೇಳಿದೆ, ಕೆಲಸದಲ್ಲಿ ಕೈಗೆ ಏನೇನು ತಾಗುತ್ತದೆ ಎಂದು. ಆರು ವರ್ಷದಿಂದ ಅವನು ಒಬ್ಬ ಕಂತ್ರಾಟುದಾರನ ಕೈಕೆಳಗೆ ಎರಡು ಲಾಡ್ಜು ಮತ್ತು ಒಂದು ಟಾಕೀಸಿನ ಕಕ್ಕಸುಗಳನ್ನು ತೊಳೆಯುತ್ತಿದ್ದ. ಬ್ಲೀಚಿಂಗ್ ಪೌಡರನ್ನು ಬರಿಗೈಯಲ್ಲಿ ಎರಚುವುದು. ಕಲೆ ಹೋಗದಿದ್ದರೆ ಆ್ಯಸಿಡ್ ಹೊಯ್ದು ತೆಂಗಿನ ಸಿಪ್ಪೆಯಿಂದ ತಿಕ್ಕುವುದು. ಕೈಗವಸು ಎಂಬುದನ್ನು ಅವನು ನಮ್ಮ ಆಸ್ಪತ್ರೆಯಲ್ಲಿ ಮಾತ್ರ ನೋಡಿದ್ದ.

ನಾವು ಇದನ್ನು ಕಾಂಟ್ಯಾಕ್ಟ್ ಡರ್ಮಟೈಟಿಸ್ ಎನ್ನುತ್ತೇವೆ. ಸುಡುವ ವಸ್ತು ದಿನವೂ ತಾಗಿ ತಾಗಿ ಚರ್ಮ ಸೋಲುವುದು. ಅಂಟುರೋಗವಲ್ಲ, ರಕ್ತದ ದೋಷವಲ್ಲ. ತಾಗುವುದನ್ನು ನಿಲ್ಲಿಸಿದರೆ ನಾಲ್ಕೈದು ವಾರಗಳಲ್ಲಿ ಬಹುಮಟ್ಟಿಗೆ ಗುಣವಾಗುತ್ತದೆ. ನಿಲ್ಲಿಸದಿದ್ದರೆ ಯಾವ ಮುಲಾಮಿನಿಂದಲೂ ಪ್ರಯೋಜನವಿಲ್ಲ. ಅಂದರೆ ಕಕ್ಕಸು ತೊಳೆದೂ ತೊಳೆದೂ ಕೈ ಹೋದವನನ್ನು, ಕೈ ಸರಿಯಿಲ್ಲವೆಂದು, ಕಕ್ಕಸು ತೊಳೆಯುವ ಕೆಲಸಕ್ಕೆ ಬೇಡ ಎಂದಿದ್ದರು. ಚೀಟಿಯನ್ನು ಎರಡನೆಯ ಸಲ ಓದಿದಾಗ ನನ್ನ ಕಿವಿ ಬಿಸಿಯಾಯಿತು. ಆ ಚೀಟಿ ಬರೆದವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಆ ಎರಡು ಚೀಟಿಗಳ ಮೇಲೆ ಬಂದ ಸಿಟ್ಟು ಹೆಚ್ಚಿನದಾಗಿತ್ತು.

“ನಾಲ್ಕು ವಾರ ಕೆಲಸಕ್ಕೆ ಹೋಗಬೇಡ. ನೀರಿಗೂ ಕೈ ಹಾಕಬೇಡ” ಎಂದೆ.

ಅವನು ನೆಲ ನೋಡಿದ. “ಹೋಗದಿದ್ರೆ ಕೋಣೆ ಬಿಡಬೇಕಾಗ್ತದೆ. ಕೆಲಸ ಮಾಡುವವನಿಗೆ ಮಾತ್ರ ಕೋಣೆ.”

ಆ ಸಂಜೆ ನಾನೇ ಕಂತ್ರಾಟುದಾರನನ್ನು ಹುಡುಕಿಕೊಂಡು ಹೋದೆ. ಸಭ್ಯ ಮನುಷ್ಯ. ಕುರ್ಚಿ ಕೊಟ್ಟ, ಶರಬತ್ತು ತರಿಸಿದ.

“ನಾಲ್ಕು ವಾರ ರಜೆ ಕೊಡಿ, ಕೋಣೆ ಅವನಿಗೇ ಇರಲಿ. ಮುಂದೆ ಯಾರೇ ಕೆಲಸ ಮಾಡಲಿ, ದಪ್ಪ ರಬ್ಬರಿನ ಗ್ಲೌಸ್ ಕೊಡಿ” ಎಂದೆ.

“ಗ್ಲೌಸಾ? ಅವರಿಗೆ ಎಂತಕ್ಕೆ ಡಾಕ್ಟ್ರೇ? ಅವರದ್ದು ಬೇರೆ ಚರ್ಮ, ಅಭ್ಯಾಸ ಉಂಟು ಮಾರಾಯ್ರೆ.”

“ಚರ್ಮ ಎಲ್ಲರದ್ದೂ ಒಂದೇ. ನಾನು ಅದನ್ನೇ ಓದಿದ್ದು.”

“ನೀವು ಓದಿದವರು. ನನಗೆ ಕಕ್ಕಸು ಸ್ವಚ್ಛ ಆದ್ರೆ ಸಾಕು. ಯಾರು ಮಾಡಿದ್ರೂ ಅಡ್ಡಿಯಿಲ್ಲ” ಎಂದ, ನಗುತ್ತಲೇ.

ಶರಬತ್ತು ಮುಟ್ಟದೆ ಎದ್ದು ಬಂದೆ. ಅವನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ.

ಐತಪ್ಪ ಮಾತ್ರ ಹೇಳಿದಂತೆ ನಡೆದುಕೊಂಡ. ಪ್ರತಿ ಬುಧವಾರ ಬರುತ್ತಿದ್ದ. ಎರಡನೆಯ ವಾರ ನೀರು ಜಿನುಗುವುದು ನಿಂತಿತು. ಮೂರನೆಯ ವಾರ ಬಿರುಕು ಕೂಡಿಕೊಂಡಿತು. ಲಾಡ್ಜಿನ ಕೆಲಸ ಏನಾಯಿತು ಎಂದು ಕೇಳಿದರೆ, “ಬದಲಿ ಜನ ಮಾಡಿದ್ದೇನೆ” ಎನ್ನುತ್ತಿದ್ದ. ಯಾರೋ ನೆಂಟ ಇರಬೇಕು ಎಂದುಕೊಂಡೆ. ಗುಣವಾಗುತ್ತಿದ್ದ ಕೈ ನೋಡುವ ಸಂತೋಷದಲ್ಲಿ ಹೆಚ್ಚು ಕೇಳಲಿಲ್ಲ. ಈ ಸಲವೂ ನಾನು ಕೇಳಲಿಲ್ಲ ಎಂದೇ ಬರೆಯಬೇಕು.

ನಾಲ್ಕನೆಯ ಬುಧವಾರ ಅವನ ಹೆಂಡತಿ ಬೇಬಿಯೂ ಜೊತೆಗೆ ಬಂದಿದ್ದಳು. ಸಣ್ಣ ಪ್ರಾಯ, ಹೆಚ್ಚು ಮಾತಿಲ್ಲ. ಮರುಪರೀಕ್ಷೆಗೆ ನಾನು ಬರೆದ ಅಭಿಪ್ರಾಯದ ಲಕೋಟೆಯನ್ನು ಅವಳ ಕಡೆಗೆ ಚಾಚಿ, “ಜೋಪಾನವಾಗಿ ಇಟ್ಟುಕೊ” ಎಂದೆ. ಅವಳು ಸೆರಗಿನೊಳಗಿನಿಂದ ಕೈ ತೆಗೆಯದೆ ಗಂಡನ ಮುಖ ನೋಡಿದಳು. ಆಗ ನನಗೆ ಅರ್ಥವಾಯಿತು. ಎದ್ದು ಹೋಗಿ ಸೆರಗು ಸರಿಸಿದೆ. ಐತಪ್ಪನ ಅಂಗೈಯಲ್ಲಿ ಆರು ವರ್ಷದಲ್ಲಿ ಆದದ್ದು ಅವಳ ಅಂಗೈಯಲ್ಲಿ ನಾಲ್ಕು ವಾರದಲ್ಲಿ ಶುರುವಾಗಿತ್ತು. ಎಡಗೈ ಹೆಬ್ಬೆರಳಿನ ಉಗುರು ಆ್ಯಸಿಡ್ ಬಿದ್ದು ಕಪ್ಪಾಗಿತ್ತು.

“ನನಗೆ ಯಾಕೆ ಹೇಳಲಿಲ್ಲ?” ನನ್ನ ಧ್ವನಿ ಏರಿತ್ತು.

“ಯಾರಾದ್ರೂ ಮಾಡಬೇಕಲ್ಲ ಡಾಕ್ಟ್ರಮ್ಮ. ಕೋಣೆ ಬಿಟ್ಟು ಎಲ್ಲಿಗೆ ಹೋಗುವುದು?” ಎಂದಳು ಬೇಬಿ. “ಇವರಿಗೆ ಬಯ್ಯಬೇಡಿ. ಬೇಡ ಅಂತ ಹೇಳಿದ್ರು. ನಾನೇ ಹೋದದ್ದು” ಎಂದಳು.

ಬಯ್ಯಬೇಕಾದದ್ದು ಅವನಿಗಲ್ಲ. ‘ನಾಲ್ಕು ವಾರ ವಿಶ್ರಾಂತಿ’ ಎಂದು ಬರೆಯುವಾಗ ಆ ವಿಶ್ರಾಂತಿಯ ಹೊರೆ ಯಾರ ಮೈಮೇಲೆ ಬೀಳುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಮರುದಿನ ಉಡುಪಿಗೆ ಹೋಗಿ ನಾಲ್ಕು ಅಂಗಡಿ ಸುತ್ತಿ ದಪ್ಪ ರಬ್ಬರಿನ ಎರಡು ಜೊತೆ ಕೈಗವಸು ತಂದುಕೊಟ್ಟೆ. ತಡವಾಗಿತ್ತು.

ಮರುಪರೀಕ್ಷೆಯ ದಿನ ರಜೆ ಹಾಕಿ ನಾನೂ ಅವರ ಜೊತೆಗೆ ಬಸ್ಸು ಹತ್ತಿದೆ. ಪ್ರವಾಸಿ ಬಂಗಲೆಯಲ್ಲಿ ಇಲಾಖೆಯ ವೈದ್ಯಾಧಿಕಾರಿ ಕುಳಿತಿದ್ದರು. ಬಿಳಿ ಸಮವಸ್ತ್ರ, ಉತ್ತರದ ಕಡೆಯವರು, ನನಗಿಂತ ಹತ್ತು ವರ್ಷವಾದರೂ ಹಿರಿಯರು. ಐತಪ್ಪನ ಕೈಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಅಭಿಪ್ರಾಯ ಓದಿದರು. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯಿತು.

“ನಿಮ್ಮ ಚಿಕಿತ್ಸೆ ಚೆನ್ನಾಗಿದೆ, ಡಾಕ್ಟರ್. ಆದರೆ ಈ ಕೆಲಸಕ್ಕೆ ಸೇರಿದರೆ ಇದು ಮತ್ತೆ ಬರುತ್ತದೆ. ಬೇರೆ ಹುದ್ದೆಯಾದರೆ ಫಿಟ್. ಈ ಹುದ್ದೆಗೆ ಅನ್‌ಫಿಟ್.”

“ಬೇರೆ ಹುದ್ದೆ ಕೊಡುತ್ತೀರಾ?”

“ಎಂಟನೇ ತರಗತಿಗೆ ಬೇರೆ ಹುದ್ದೆ ಎಲ್ಲಿದೆ?”

“ನಿಮ್ಮಲ್ಲಿ ಸಫಾಯಿವಾಲಾಗಳಿಗೆ ಕೈಗವಸು ಕೊಡುತ್ತಾರೋ ಇಲ್ಲವೋ?”

“ಕೊಡಲೇಬೇಕು. ಸಾಮಾನಿನ ಪಟ್ಟಿಯಲ್ಲಿದೆ.”

“ಕೊಡುವುದು ನಿಜವಾದರೆ ರೋಗ ಮತ್ತೆ ಬರುವುದಿಲ್ಲ, ಇವನು ಫಿಟ್. ರೋಗ ಬಂದೇ ಬರುತ್ತದೆ ಎಂದಾದರೆ ನೀವು ಕೈಗವಸು ಕೊಡುವುದಿಲ್ಲ. ಎರಡರಲ್ಲಿ ಯಾವುದನ್ನಾದರೂ ಬರೆದು ಸಹಿ ಮಾಡಿಕೊಡಿ. ನಾನು ಅದನ್ನು ತೆಗೆದುಕೊಂಡು ಹೋಗುತ್ತೇನೆ.”

ಅವರ ಮುಖ ಬಿಗಿಯಿತು. ಒಬ್ಬ ಕಿರಿಯ ವೈದ್ಯೆ, ಅದೂ ಕರೆಯದೆ ಬಂದವಳು, ಹೀಗೆ ಮಾತಾಡುವುದು ಅವರಿಗೆ ಹೊಸತಿರಬೇಕು. ನನಗೂ ಹೊಸತೇ. ಆದರೂ ನಿಲ್ಲಿಸಲಿಲ್ಲ. “ನನ್ನ ಚಿಕಿತ್ಸೆ ಚೆನ್ನಾಗಿದೆ ಅಂದಿರಲ್ಲ. ಹೊರಗೆ ಜಗಲಿಯಲ್ಲಿ ಇವನ ಹೆಂಡತಿ ಕುಳಿತಿದ್ದಾಳೆ. ಅವಳ ಕೈ ನೋಡಿ” ಎಂದೆ.

ಬೈದು ಕಳುಹಿಸುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಜಗಲಿಗೆ ಬಂದರು. ಬೇಬಿ ಗಾಬರಿಯಿಂದ ನಿಂತಳು. ನಾನು ಹೇಳಿದ ಮೇಲೆ ಎರಡೂ ಕೈ ಚಾಚಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಎಷ್ಟು ದಿನದಿಂದ ಎಂದಷ್ಟೇ ಕೇಳಿದರು. ನಾಲ್ಕು ವಾರ ಎಂದೆ. ಒಳಗೆ ಹೋಗಿ ಬರೆಯತೊಡಗಿದರು. ‘ಫಿಟ್’ ಎಂದು ಬರೆದು, ಅದರ ಕೆಳಗೆ ‘ಕೆಲಸದಲ್ಲಿ ರಬ್ಬರ್ ಕೈಗವಸು ಕಡ್ಡಾಯ’ ಎಂದು ಇನ್ನೊಂದು ಸಾಲು ಸೇರಿಸಿದರು.

ಐತಪ್ಪನಿಗೆ ಏನಾದರೂ ಕೇಳುವುದಿದೆಯೇ ಎಂದು ವಿಚಾರಿಸಲು ನನಗೆ ಹೇಳಿದರು.

“ಹರಿದ್ರೆ ಇನ್ನೊಂದು ಜೊತೆ ಕೊಡ್ತಾರಾ ಅಂತ ಕೇಳಿ ಡಾಕ್ಟ್ರಮ್ಮ” ಎಂದ.

ಕೇಳಿದೆ. ಅಧಿಕಾರಿ ಕಾಗದವನ್ನು ಹಿಂದಕ್ಕೆಳೆದು ಆ ಸಾಲಿನ ಕೊನೆಗೆ ‘ಹರಿದಾಗಲೆಲ್ಲ ಬದಲಿ’ ಎಂದು ಬರೆದರು.

ಐತಪ್ಪ ಜಿಲ್ಲೆಯ ಹೊರಗಿನ ಒಂದು ಬಂದರಿನಲ್ಲಿ ಕೆಲಸಕ್ಕೆ ಸೇರಿದ. ಮೂರು ತಿಂಗಳ ಮೇಲೆ ವಸತಿ ಸಿಕ್ಕಿ ಬೇಬಿಯನ್ನೂ ಕರೆದುಕೊಂಡು ಹೋದ. ಅಷ್ಟು ದಿನ ಕೈಗವಸು ಹಾಕಿಯೇ ಕೆಲಸ ಮಾಡಿದ್ದರಿಂದ ಅವಳ ಕೈ ಸುಮಾರಾಗಿ ಗುಣವಾಗಿತ್ತು. ಹೆಬ್ಬೆರಳಿನ ಉಗುರು ಮಾತ್ರ ಮತ್ತೆ ನೆಟ್ಟಗೆ ಬೆಳೆಯಲಿಲ್ಲ. ಹೊರಡುವ ಮುನ್ನ ಇಬ್ಬರೂ ಆಸ್ಪತ್ರೆಗೆ ಬಂದು ಹೇಳಿ ಹೋದರು.

ಇಲ್ಲಿಗೆ ಮುಗಿಸಿದ್ದರೆ ಇದು ನಾನು ಗೆದ್ದ ಕಥೆಯಾಗುತ್ತಿತ್ತು. ಹಲವು ವರ್ಷ ಹಾಗೆಯೇ ಹೇಳಿಕೊಂಡು ತಿರುಗಿದ್ದೂ ಉಂಟು. ವೃತ್ತಿ ನನಗೆ ಕಲಿಸಿದ್ದು ಬೇರೆ. ಆ ಮೇಲೆ ಸಿಕ್ಕ ಪ್ರತಿ ಚರ್ಮರೋಗಿಗೆ, ಹೆಸರು ಕೇಳಿದ ಕೂಡಲೇ, ದಿನವಿಡೀ ಕೈಯಲ್ಲಿ ಎಂತ ಹಿಡಿಯುತ್ತೀರಿ ಎಂದು ಕೇಳಿದ್ದೇನೆ. ನೀವು ರಜೆ ಮಾಡಿದರೆ ಆ ಕೆಲಸ ಯಾರು ಮಾಡುತ್ತಾರೆ ಎಂದೂ ಕೇಳಿದ್ದೇನೆ. ಕಿರಿಯ ವೈದ್ಯರಿಗೂ ಅದನ್ನೇ ಹೇಳಿಕೊಟ್ಟೆ. ಆದರೆ ಐತಪ್ಪ, ಬೇಬಿ ಹೋದ ಮರುವಾರವೇ ಆ ಲಾಡ್ಜಿನ ಹಿಂದಿನ ಕೋಣೆಗೆ ಅದೇ ಕಕ್ಕಸು ತೊಳೆಯಲು ಇನ್ನೊಬ್ಬ ಹೆಂಗಸು ಬಂದಳು ಎಂದು ಕೇಳಿದ್ದೆ. ಆಸ್ಪತ್ರೆಯಿಂದ ಅಲ್ಲಿಗೆ ಹತ್ತು ನಿಮಿಷದ ದಾರಿ. ನನಗೆ ವರ್ಗವಾಗುವವರೆಗೆ ಇನ್ನೂ ಏಳು ತಿಂಗಳು ನಾನು ಅದೇ ಪೇಟೆಯಲ್ಲಿದ್ದೆ. ಅವಳು ಆಸ್ಪತ್ರೆಗೆ ಬರಲಿಲ್ಲ. ನಾನೂ ಅಲ್ಲಿಗೆ ಹೋಗಲಿಲ್ಲ. ಅವಳ ಹೆಸರು ಸಹ ನನಗೆ ಗೊತ್ತಿಲ್ಲ.