ಮೊಳೆಬಾಯಿ

ನಮ್ಮ ಬೀದಿಯಲ್ಲಿ ನನ್ನ ಗಂಡನಿಗೆ ಮೊಳೆಬಾಯಿ ಎಂದೇ ಹೆಸರು. ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವುದು ಇವರ ಕಸುಬು. ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಬೆರಳಲ್ಲಿ ತೆಗೆದು, ಟಕ್ಕೆಂದು ಹೊಡೆಯುತ್ತಾ ಕುರ್ಚಿಯ ನಾಲ್ಕೂ ಬದಿ ಸುತ್ತಿ ಬಂದುಬಿಡುತ್ತಿದ್ದರು. ಕೂರುವ ಜಾಗ ತಗ್ಗಾಗಿರುವುದನ್ನು ನೋಡಿಯೇ ಆ ಮನೆಯಲ್ಲಿ ಯಾರು ಹೆಚ್ಚು ಸೋಮಾರಿ ಎಂದು ಹೇಳುವಷ್ಟು ಪಳಗಿದ ಕೈ. ನಾನು ಪಕ್ಕದಲ್ಲೇ ಹೊಲಿಗೆ ಯಂತ್ರದ ಮುಂದೆ ಕೂತು ಗವಸು ಹೊಲಿಯುತ್ತೇನೆ. ಯಂತ್ರಕ್ಕಿಂತ ನನ್ನ ಬಾಯಿ ಜೋರು. ಅದನ್ನು ಬೇರೆಯವರು ಹೇಳಬೇಕಾಗಿಲ್ಲ, ನನಗೇ ಗೊತ್ತು.

ಜಗಳ ಶುರುವಾಗುವ ಸೂಚನೆ ಸಿಕ್ಕರೆ ಸಾಕು, ಇವರ ಕೈ ಮೊಳೆಡಬ್ಬಿಗೆ ಹೋಗುತ್ತಿತ್ತು. ಬಾಯಿ ತುಂಬ ಮೊಳೆ ಇಟ್ಟುಕೊಂಡವರ ಹತ್ತಿರ ಯಾರು ತಾನೇ ಜಗಳ ಆಡಿಯಾರು? ಕೇಳಿದ್ದಕ್ಕೆಲ್ಲ ಸುತ್ತಿಗೆಯಲ್ಲೇ ಉತ್ತರ. ಮರದ ಮೇಲೆ ಒಂದು ಬಡಿದರೆ ಹೌದು, ಎರಡು ಬಡಿದರೆ ಇಲ್ಲ. "ಊಟಕ್ಕೆ ಬರ್ತೀರಾ?" ಟಕ್. "ನನ್ನ ಮೇಲೆ ಕೋಪಾನಾ?" ಟಕ್ ಟಕ್. ಇಪ್ಪತ್ತೆರಡು ವರ್ಷ ಹೀಗೇ ಸಂಸಾರ ಮಾಡಿದ್ದೇವೆ ಎಂದರೆ ಜನ ನಗುತ್ತಾರೆ. ನಗಲಿ.

ಮೊಳೆ ಇಲ್ಲದ ಹೊತ್ತಿನಲ್ಲಿ ಆ ಬಾಯಲ್ಲಿ ತಂಬಾಕು ಇರುತ್ತಿತ್ತು, ಎಡಗೆನ್ನೆಯ ಒಳಗೆ ಒತ್ತಿಟ್ಟುಕೊಂಡ ಉಂಡೆ. ನಾನು ಬೈಯುತ್ತಿದ್ದೆ. ಬೈಯುತ್ತಲೇ, ದಾರ ತರಲು ಅಂಗಡಿಗೆ ಹೋದಾಗ ಎರಡು ಪೊಟ್ಟಣ ನಾನೇ ತಂದುಕೊಡುತ್ತಿದ್ದೆ, ಇಲ್ಲದಿದ್ದರೆ ಕೆಲಸ ಬಿಟ್ಟು ಎದ್ದು ಹೋಗುತ್ತಾರಲ್ಲ ಎಂದು. ಈಗ ನನ್ನ ಕೈ ಕಂಡರೆ ನನಗೇ ಸಿಟ್ಟು ಬರುತ್ತದೆ.

ಕಳೆದ ವರ್ಷ ಆ ಕೆನ್ನೆಯೊಳಗೆ ಒಂದು ಹುಣ್ಣಾಯಿತು. "ಮೊಳೆ ಚುಚ್ಚಿದೆ ಕಣೇ" ಎಂದರು. ನಂಬಿದೆ. ನಂಬದೆ ಏನು ಮಾಡಲಿ, ಮೊಳೆ ಚುಚ್ಚಿ ರಕ್ತ ಬಂದದ್ದನ್ನು ಎಷ್ಟೋ ಸಲ ಕಣ್ಣಾರೆ ಕಂಡವಳು. ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ ಎಂದೆ. ನೋವೂ ಇರಲಿಲ್ಲವಾದ್ದರಿಂದ ಇಬ್ಬರೂ ಮರೆತೆವು.

ಆಮೇಲೆ ಡಬ್ಬಿಯ ಸದ್ದು ಹೆಚ್ಚಾಯಿತು. ಒಂದು ಕುರ್ಚಿ ಮುಗಿಯುವಷ್ಟರಲ್ಲಿ ಎರಡೋ ಮೂರೋ ಸಲ ಗಲಗಲ ಎನ್ನುತ್ತಿದ್ದದ್ದು, ಈಗ ನಿಮಿಷಕ್ಕೊಮ್ಮೆ ಗಲಗಲ. ತಿರುಗಿ ನೋಡಿದರೆ ನಾಲ್ಕೇ ನಾಲ್ಕು ಮೊಳೆ, ಅವನ್ನೂ ತುಟಿಯ ಸಂದಿಗೆ ತುರುಕುತ್ತಿದ್ದಾರೆ. "ಯಾಕ್ರೀ, ಬಾಯಿ ತೆಗೆಯೋಕೂ ಸೋಮಾರಿತನಾನಾ?" ಎಂದು ರೇಗಿಸಿದೆ. ಅಯ್ಯೋ, ಅದನ್ನೂ ಹಿಡಿದು ರೇಗಿಸಿದೆನಲ್ಲಾ!

ಇವರೋ ಜಾಣರು. ಕೆಟ್ಟುಹೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಅದನ್ನು ರೆಕ್ಸಿನ್ ಪಟ್ಟಿಗೆ ಸೇರಿಸಿ ಮಣಿಕಟ್ಟಿಗೆ ಕಟ್ಟಿಕೊಂಡರು. ಮೊಳೆಗಳೆಲ್ಲ ಅದಕ್ಕೇ ಕಚ್ಚಿಕೊಂಡು ನಿಂತವು. ಬಂದ ಗಿರಾಕಿಗಳೆಲ್ಲ ಭೇಷ್ ಎಂದರು. ಪಟ್ಟಿ ಹೊಲಿದುಕೊಟ್ಟವಳು ನಾನು, ನನಗೂ ಹೆಮ್ಮೆ. ಬಾಯಿ ತೆರೆಯಲಾಗದ್ದನ್ನು ಮುಚ್ಚಿಡಲು ಹೂಡಿದ ಉಪಾಯ ಅದು ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಎರಡು ತಿಂಗಳು ಕಳೆದವು. ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಇವರು ತುತ್ತನ್ನು ಬೆರಳಲ್ಲಿ ಚಪ್ಪಟೆ ಮಾಡಿ ಹಲ್ಲಿನ ನಡುವೆ ತೂರಿಸಿದರು, ತಕ್ಷಣ ಕಣ್ಣು ಮುಚ್ಚಿ ಕೆನ್ನೆ ಹಿಡಿದುಕೊಂಡರು.

"ಏನಾಯ್ತು?"

"ಅದೇ, ಮೊಳೆ ಚುಚ್ಚಿದ್ದು."

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಎರಡು ತಿಂಗಳಿಂದ ಆ ಬಾಯಿಗೆ ಒಂದು ಮೊಳೆಯೂ ಹೋಗಿಲ್ಲ. ಹಾಗಾದರೆ ಒಳಗೆ ಇರುವುದು ಏನು?

"ಬಾಯಿ ತೆಗೀರಿ, ನೋಡ್ತೀನಿ."

"ಸುಮ್ನೆ ಊಟ ಮಾಡೇ."

"ನಡೀರಿ ಹಾಗಾದ್ರೆ, ಡಾಕ್ಟ್ರ ಹತ್ರ."

"ಹೋದ್ರೆ ಇಲ್ಲದ್ದನ್ನೆಲ್ಲ ಹೇಳಿ ಹೆದರಿಸ್ತಾರೆ ಅಷ್ಟೇ."

"ನಿಮಗೆ ಭಯಾನಾ?"

ಇವರು ಎದ್ದು ಕೈ ತೊಳೆದು, ಸುತ್ತಿಗೆ ಎತ್ತಿಕೊಂಡು ಅರ್ಧ ಮುಗಿದ ಕುರ್ಚಿಯ ಕಾಲಿಗೆ ಬಡಿದರು. ಟಕ್ ಟಕ್.

ಆ ಕುರ್ಚಿ ಯಾರದೆಂದು ಹೇಳಲಿಲ್ಲ ನೋಡಿ. ಮುಂದಿನ ಬೀದಿಯ ಹಲ್ಲಿನ ಡಾಕ್ಟ್ರಮ್ಮನದು, ರೋಗಿಗಳನ್ನು ಹಿಂದಕ್ಕೆ ಮಲಗಿಸುವ ಹಳೆಯ ಮರದ ಕುರ್ಚಿ. ಅಂಚುಪಟ್ಟಿಯ ರೆಕ್ಸಿನ್ ಬಣ್ಣ ತೋರಿಸುವ ನೆಪದಲ್ಲಿ ಮರುದಿನ ಅವರ ಬಳಿಗೆ ಓಡಿ ಎಲ್ಲ ಹೇಳಿದೆ. ಅವರು ಬಣ್ಣದ ತುಂಡುಗಳನ್ನು ಮುಟ್ಟಲೂ ಇಲ್ಲ.

"ಎರಡು ವಾರದಲ್ಲಿ ಮಾಯದ ಹುಣ್ಣನ್ನ ಬಾಯಲ್ಲಿಟ್ಕೊಂಡು ಕೂರಬಾರದಮ್ಮಾ. ನೋವಿಲ್ಲ ಅಂದ್ಕೊಂಡೇ ಎಲ್ರೂ ತಡ ಮಾಡ್ತಾರೆ. ಸಂಜೆ ಬರ್ತೀನಿ."

ಬಂದರು. ಕುರ್ಚಿಯ ಸುತ್ತ ಒಂದು ಸುತ್ತು ಹಾಕಿ, "ಮೇಸ್ತ್ರಿ, ನೀವೇ ಒಂದ್ಸಲ ಕೂತ್ಕೊಳ್ಳಿ, ತಲೆ ಸರಿಯಾಗಿ ಕೂರತ್ತಾ ನೋಡೋಣ" ಎಂದರು. ತಮ್ಮ ಕೆಲಸದ ಹೆಚ್ಚುಗಾರಿಕೆ ತೋರಿಸುವ ಉಮೇದಿನಲ್ಲಿ ಇವರು ಹತ್ತಿ ಒರಗಿದರು. ಡಾಕ್ಟ್ರಮ್ಮ ಚೀಲದಿಂದ ಟಾರ್ಚ್ ತೆಗೆದರು.

"ಈಗ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಡಿ."

ಇವರು ನನ್ನನ್ನು ನೋಡಿದರು. ಇವರಿಗೆ ಎಲ್ಲ ಅರ್ಥವಾಗಿತ್ತು. ಒಂದು ಬೆರಳು ಹೋಯಿತು. ಎರಡನೆಯದು ಹಲ್ಲಿಗೆ ತಗುಲಿ ನಿಂತಿತು. ಒಂದು ಹಿಡಿ ಮೊಳೆ ಹಿಡಿಸುತ್ತಿದ್ದ ಬಾಯಿ! ಟಾರ್ಚಿನ ಬೆಳಕು ಒಳಗೆ ಬಿತ್ತು. ಆ ಬಾಯೊಳಗೆ ನೋಡುವ ಧೈರ್ಯ ನನಗಿರಲಿಲ್ಲ, ಡಾಕ್ಟ್ರಮ್ಮನ ಮುಖ ನೋಡುತ್ತಾ ನಿಂತೆ. ಅವರ ಮುಖದಲ್ಲಿದ್ದ ನಗು ಮೆಲ್ಲಗೆ ಇಳಿದುಹೋಯಿತು. "ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ" ಎಂದರು. ಮೋಸ ಮಾಡಿ ಕೂರಿಸಿದ್ದಕ್ಕೆ ಇವರು ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದರು. ಒಂಬತ್ತು ದಿನಕ್ಕೆ ಆಪರೇಷನ್. ಒಳಗೆನ್ನೆಯನ್ನೂ ದವಡೆಯ ತುಂಡನ್ನೂ ತೆಗೆದಿದ್ದಾರೆ. ಕತ್ತರಿಸಿದ ಅಂಚಿನಲ್ಲಿ ರೋಗ ಇನ್ನೂ ಉಳಿದಿದೆಯೋ ಇಲ್ಲವೋ ಎಂಬುದು ವರದಿ ಬಂದ ಮೇಲೇ ತಿಳಿಯುವುದಂತೆ.

ವಾರ್ಡಿನಲ್ಲಿ ಇವರ ಪಕ್ಕ ಕೂತಿದ್ದೆ. ಮೂಗಿಗೆ ಕೊಳವೆ, ಮುಖಕ್ಕೆ ಬ್ಯಾಂಡೇಜು. ನನ್ನ ಬಾಯಿ ಸುಮ್ಮನಿರುತ್ತದೆಯೇ? ಡಾಕ್ಟ್ರಮ್ಮನ ಕುರ್ಚಿಗೆ ಉಳಿದ ಮೊಳೆ ನಾನೇ ಹೊಡೆದೆ, ಅರ್ಧಕ್ಕರ್ಧ ಡೊಂಕು ಎಂದೆ. ಪಕ್ಕದ ಮನೆಯವರು ನಿಮ್ಮನ್ನು ಕೇಳಿದರು ಎಂದೆ. ಎರಡು ತಿಂಗಳು ಮೊದಲೇ ನಾನು ಎಳೆದುಕೊಂಡು ಬರಬೇಕಿತ್ತು ಎನ್ನುವ ಮಾತೊಂದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಕೇಳಿದೆ:

"ರೀ, ಭಯ ಆಗ್ತಿದೆಯಾ?"

ಇವರು ಬೆರಳು ಮಡಚಿ ಮಂಚದ ಕಬ್ಬಿಣಕ್ಕೆ ಬಡಿದರು.

ಟಕ್.

ಎರಡನೆಯದಕ್ಕೆ ಕಾದೆ. ಕೈ ಹಾಸಿಗೆಯ ಮೇಲೆ ಇಳಿಯಿತು.

ಬೆರಳು ಮಡಚಿ ಅದೇ ಕಬ್ಬಿಣಕ್ಕೆ ನಾನೂ ಒಂದು ಸಲ ಬಡಿದೆ.