ವಾಷಿಂಗ್ಟನ್ನಿನ ಸುಣ್ಣದ ಗಾರೆ ಮನೆ

ಮನೆ ಆಯಿತು! ನನ್ನ ಮಗಳು, ಅಳಿಯಂದಿರು ವಾಷಿಂಗ್ಟನ್ ಊರೊಳಗೇ, ಜನ ಗಿಜಿಗಿಜಿ ಅನ್ನುವ ಬೀದಿಯಲ್ಲಿ, ನೂರು ವರ್ಷ ದಾಟಿದ ಕೆಂಪಿಟ್ಟಿಗೆ ಮನೆ ಕೊಂಡುಬಿಟ್ಟರು. ಬೀಗದ ಕೈಯನ್ನು ಮಗಳು ಮೊದಲು ತಂದು ಕೊಟ್ಟದ್ದು ನನಗೆ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಈಗ ಬರೆಯಲು ಕೂತರೂ ಎದೆ ತುಂಬಿ ಬರುತ್ತದೆ.

ತೊಂಬತ್ತರ ದಶಕದ ಮಾತು ಇದು. ಆಗ ಅವರಿದ್ದದ್ದು, ಅವರ ಜೊತೆ ನಾನೂ ಇದ್ದದ್ದು, ವಾಷಿಂಗ್ಟನ್ನಿನಿಂದ ದೂರದ ಶ್ಯಾಂಟಿಲಿ ಅನ್ನುವ ಊರಿನಲ್ಲಿ, ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಅಳಿಯಂದಿರಿಗೆ ಆಫೀಸು ಐದು ನಿಮಿಷ. ಮಗಳ ಕೆಲಸ ಮಾತ್ರ ವಾಷಿಂಗ್ಟನ್ನಿನಲ್ಲಿ. ಬೆಳಿಗ್ಗೆ ಕಾರು, ಆಮೇಲೆ ಮೆಟ್ರೋ. ಸಂಜೆ ಮತ್ತೆ ಮೆಟ್ರೋ, ಮತ್ತೆ ಕಾರು. ಅವಳು ಬಾಗಿಲು ತೆಗೆಯುವಷ್ಟರಲ್ಲಿ ಆರು ವರ್ಷದ ಮೊಮ್ಮಗಳು ಉಂಡು ಮಲಗಿರುತ್ತಿದ್ದಳು. ಸ್ಕೂಲಿನಲ್ಲಿ ಬರೆದ ಚಿತ್ರವನ್ನು ಅಮ್ಮನ ದಿಂಬಿನ ಮೇಲೆ ಇಟ್ಟು ಮಲಗುವುದು ಮಗುವಿನ ರೂಢಿ. ಅಮ್ಮ ಬೆಳಿಗ್ಗೆ ಅದರ ಕೆಳಗೆ ಎರಡು ಸಾಲು ಬರೆದು ಹೋಗುತ್ತಿದ್ದಳು. ತಾಯಿ ಮಗಳು ಒಂದೇ ಸೂರಿನಡಿ ಇದ್ದುಕೊಂಡು ಕಾಗದ ಬರೆದುಕೊಳ್ಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಈ ಮನೆ ಸಿಕ್ಕಿದರೆ ಮಗಳು ಆಫೀಸಿಂದ ಕಾಲು ಗಂಟೆ ನಡೆದರೆ ಸಾಕು. ನಮ್ಮ ವಠಾರದ ಹಾಗೆ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಸಾಲು ಮನೆಗಳು, ಮುಂದೆ ಕಬ್ಬಿಣದ ಮೆಟ್ಟಿಲು. ಕೆಳಗೆ ನಿಂತರೆ ಒಂದು ಕಡೆ ಕಾಫಿ ಅಂಗಡಿಯ ಮೇಜುಗಳು, ಇನ್ನೊಂದು ಕಡೆ ಒಬ್ಬ ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿಕೊಂಡು ಡೋಲಿನ ಹಾಗೆ ಬಾರಿಸುತ್ತಿದ್ದ. ಶ್ಯಾಂಟಿಲಿಯ ನಿಶ್ಶಬ್ದದಲ್ಲಿ ಕೂತೂ ಕೂತೂ ಬೇಸತ್ತ ನನಗೆ ಅಲ್ಲಿ ಜೀವ ಬಂದ ಹಾಗಾಯಿತು.

ಆದರೆ ಮನೆ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಬಂದು ನೋಡಿ, ಮುಂದಿನ ಗೋಡೆಯ ಇಟ್ಟಿಗೆ ಉದುರುತ್ತಿದೆ, ಗೋಡೆಯನ್ನೇ ಬಿಚ್ಚಿ ಕಟ್ಟಬೇಕಾದೀತು ಎಂದು ಬರೆದುಬಿಟ್ಟ. ಹಳೇ ಕಾಲದ ಬೀದಿ, ಸರ್ಕಾರದ ಕಾನೂನು ಬೇರೆ, ಮುಂದಿನ ಗೋಡೆಯನ್ನು ಮನಸ್ಸಿಗೆ ಬಂದ ಹಾಗೆ ಮುಟ್ಟುವಂತಿಲ್ಲ. ಮುಂಗಡ ಕೊಟ್ಟು ಒಪ್ಪಂದ ಆಗಿಹೋಗಿತ್ತು; ಬೇಡ ಎನ್ನುವುದಾದರೆ ಶುಕ್ರವಾರ ಸಂಜೆ ಐದರೊಳಗೆ ಫೋನು ಮಾಡಿ ಹೇಳಬೇಕು. ಶುಕ್ರವಾರ ಮಧ್ಯಾಹ್ನ ಕೊನೇ ಸಲ ನೋಡೋಣವೆಂದು ಎಲ್ಲರೂ ಹೋದೆವು.

"ಬಿಟ್ಟುಬಿಡೋಣ ಕಣೇ. ರಿಸ್ಕ್ ಯಾಕೆ?" ಅಂದರು ಅಳಿಯಂದಿರು.

ಮಗಳು ಮೆಟ್ಟಿಲ ಮೇಲೆ ಕೂತು ಮಗುವಿನ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. ಅದು ಸರಿಯಾಗೇ ಇತ್ತು.

ನಾನು ಗೋಡೆಯ ಹತ್ತಿರ ಹೋದೆ. ನಮ್ಮಪ್ಪ ಮೈಸೂರಿನಲ್ಲಿ ಗಾರೆ ಮೇಸ್ತ್ರಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋದ. ಸುಣ್ಣ, ಮರಳು, ಬೆಲ್ಲದ ನೀರು ಹಾಕಿ ಗಾಣದಲ್ಲಿ ಅರೆದ ಗಾರೆಯನ್ನು ಬಾಂಡ್ಲಿಯಲ್ಲಿ ಹೊತ್ತು ಮದುವೆಯವರೆಗೂ ಏಣಿ ಹತ್ತಿದವಳು ನಾನು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಇಟ್ಟಿಗೆಯ ಸಂದು ಕೆರೆದೆ. ಕೆಳಗಡೆ ಬೂದು ಬಣ್ಣ, ಪಿನ್ನೇ ಬಗ್ಗಿತು. ಎದೆಯ ಮಟ್ಟದಿಂದ ಮೇಲಕ್ಕೆ ಕೆರೆದರೆ ಬೆಳ್ಳಗೆ ಪುಡಿ ಉದುರಿತು, ಒಳಗೆ ಸಾಸಿವೆಯಷ್ಟು ಸುಣ್ಣದ ಹರಳು. ನನಗೆ ನಗು ಬಂತು.

"ರೀ ಅಳಿಯಂದಿರೇ, ಬನ್ನಿ ಇಲ್ಲಿ. ಇಟ್ಟಿಗೆ ಒಡೆದಿರೋದು ಎಲ್ಲಿ ನೋಡಿ. ಸಿಮೆಂಟು ಮೆತ್ತಿರೋ ಕಡೆ ಮಾತ್ರ! ಸುಣ್ಣದ ಗೋಡೆ ಮಳೆ ನೀರು ಕುಡಿಯುತ್ತೆ, ಬಿಸಿಲು ಬಂದರೆ ಬಿಡುತ್ತೆ. ಯಾರೋ ಪುಣ್ಯಾತ್ಮ ಸಿಮೆಂಟು ಹಾಕಿ ಅದರ ಬಾಯಿ ಮುಚ್ಚಿದ್ದಾನೆ. ನೀರು ಒಳಗೇ ನಿಂತು, ನಿಮ್ಮ ಈ ಹಾಳು ಚಳಿಗೆ ಗಡ್ಡೆ ಕಟ್ಟಿ ಇಟ್ಟಿಗೆ ಒಡೆದಿದೆ. ಮನೆಗೆ ಏನೂ ಆಗಿಲ್ಲ."

"ಅತ್ತೆ, ಇನ್ಸ್‌ಪೆಕ್ಟರ್ ಲೈಸೆನ್ಸ್ ಇಟ್ಕೊಂಡು ಬಂದಿದ್ದ. ನೀವು ಪಿನ್ನು ಇಟ್ಕೊಂಡು ಬಂದಿದ್ದೀರಿ!"

"ಅವನು ಎಷ್ಟು ಬಾಂಡ್ಲಿ ಹೊತ್ತಿದ್ದಾನೆ ಕೇಳಿ ನೋಡಿ."

ಮಗಳು ಅವತ್ತು ಮೊದಲ ಸಲ ನಕ್ಕಳು. ಆದರೂ ಬರೀ ನನ್ನ ಮಾತಿನ ಮೇಲೆ ಮನೆ ಕೊಳ್ಳುವುದಕ್ಕಾಗುತ್ತದೆಯೇ? ಮೂರು ಮನೆ ಆಚೆ ಸಾರುವೆ ಕಟ್ಟಿಕೊಂಡು ಒಬ್ಬ ಕರಿಯ ಮುದುಕ ಇಟ್ಟಿಗೆ ಕೆಲಸ ಮಾಡುತ್ತಿದ್ದ. ಮೊಮ್ಮಗಳ ಕೈ ಹಿಡಿದು ಅವನ ಹತ್ತಿರ ಹೋದೆ. ಅವಳೇ ನನಗೆ ದುಭಾಷಿ.

ಆತ ಬಂದು ನಾನು ಕೆರೆದದ್ದನ್ನು ಬೆರಳಲ್ಲಿ ಮುಟ್ಟಿ ನೋಡಿದ. ನನ್ನ ಮುಖ ನೋಡಿದ. ಬಗ್ಗಿದ ಪಿನ್ನು ನೋಡಿ ಹೊಟ್ಟೆ ಕುಲುಕಿಸಿ ನಕ್ಕ.

"ಅಜ್ಜಿ, ಅಂಕಲ್ ಕೇಳ್ತಾರೆ, ನೀನು ಎಲ್ಲಿ ಲರ್ನ್ ಮಾಡಿದೆ?" ಅಂದಳು ಮೊಮ್ಮಗಳು.

"ನಮ್ಮಪ್ಪನ ಹತ್ತಿರ ಅನ್ನು."

"ಅಂಕಲ್ ಹೇಳ್ತಾರೆ, ಮೀ ಟೂ. ಅವರ ಡ್ಯಾಡಿ. ಕ್ಯಾರೊಲೈನಾದಲ್ಲಿ."

ಆಮೇಲೆ ಆತ ದಾರಕ್ಕೆ ಗುಂಡು ಕಟ್ಟಿ ಮೇಲಿನ ಕಿಟಕಿಯಿಂದ ಇಳಿಬಿಟ್ಟ. ದಾರ ನಿಂತಿತು; ಗೋಡೆಯೂ ಅದರ ಪಕ್ಕ ನೆಟ್ಟಗೆ ನಿಂತಿತ್ತು. ಕೆಳಗಿನ ಸಿಮೆಂಟು ಕೆತ್ತಿ ತೆಗೆದು, ಒಡೆದ ಇಟ್ಟಿಗೆ ಬದಲಿಸಿ, ಸುಣ್ಣದ ಗಾರೆ ತುಂಬಿದರೆ ಮುಗಿಯಿತು, ಗೋಡೆ ಬಿಚ್ಚುವುದೇನೂ ಬೇಡ ಎಂದು ಮಗಳಿಗೆ ಬಿಡಿಸಿ ಹೇಳಿದ. ಹೋಗುವಾಗ ಹ್ಯಾಟು ತೆಗೆದು ನನಗೆ ತಲೆ ಬಾಗಿಸಿದ. ಅಷ್ಟು ವರ್ಷ ಗಾರೆ ಹೊತ್ತರೂ ಯಾವ ಮೇಸ್ತ್ರಿಯೂ ನನಗೆ ಹಾಗೆ ಮಾಡಿರಲಿಲ್ಲ.

ಅಳಿಯಂದಿರು ಗಡಿಯಾರ ನೋಡಿಕೊಂಡರು. ನಾಲ್ಕೂವರೆ. ಮನೆ ಇಲ್ಲಿಗೆ ಬಂದರೆ ದಿನವೂ ಶ್ಯಾಂಟಿಲಿಗೆ ಓಡಬೇಕಾದವರು ಅವರೇ.

"ಹೋಗಲಿ ಬಿಡು, ಎಲ್ಲರೂ ಊರೊಳಗೆ ಬರೋ ಹೊತ್ತಿಗೆ ನಾನು ಆಚೆ ಹೋಗ್ತೀನಿ. ರೋಡು ಖಾಲಿ ಇರತ್ತೆ," ಅಂದರು. ಮಗಳು ಅವರ ತೋಳು ಹಿಡಿದುಕೊಂಡಳು. ಬೇಡ ಎನ್ನುವ ಫೋನು ಯಾರೂ ಮಾಡಲಿಲ್ಲ.

ತಿಂಗಳು ಕಳೆದು ರಿಜಿಸ್ಟ್ರಿ ಆದ ಶುಕ್ರವಾರ, ಮಗಳು ಬೆಳಿಗ್ಗೆ ಕಾಗದಗಳಿಗೆಲ್ಲ ಸಹಿ ಹಾಕಿ, ಬೀಗದ ಕೈ ನನಗೆ ಕೊಟ್ಟು ಆಫೀಸಿಗೆ ಹೋದಳು. ನಾವು ಹಾಸಿಗೆ, ಪಾತ್ರೆ ಕಾರಿನಲ್ಲಿ ತುಂಬಿಕೊಂಡು ಬಂದೆವು. ಹೊಸ ಒಲೆಯ ಮೇಲೆ ಬಿಸಿಬೇಳೆಬಾತ್ ಮಾಡಿದೆ. ಆರು ಗಂಟೆಗೆ, ಇನ್ನೂ ಬಿಸಿಲಿರುವಾಗಲೇ, ಮಗಳು ಬೀದಿಯ ತಿರುವಿನಲ್ಲಿ ನಡೆದು ಬರುತ್ತಿದ್ದಳು. ಮೊಮ್ಮಗಳು ಮೆಟ್ಟಿಲ ಮೇಲಿಂದಲೇ "ಅಮ್ಮಾ!" ಎಂದು ಕೂಗಿದ ಕೂಗಿಗೆ ಕಾಫಿ ಅಂಗಡಿಯವರೆಲ್ಲ ತಿರುಗಿ ನೋಡಿದರು.

ಮೇಜು ಕುರ್ಚಿ ಇನ್ನೂ ಬಂದಿರಲಿಲ್ಲ. ಮರದ ನೆಲದ ಮೇಲೆ ಪೇಪರ್ ಪ್ಲೇಟು ಹಾಕಿಕೊಂಡು ನಾಲ್ಕೂ ಜನ ಸುತ್ತ ಕೂತೆವು. ಮಗು ಸ್ಕೂಲಿನ ಕಥೆ ಹೇಳುತ್ತಲೇ ಇತ್ತು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

"ಅಮ್ಮ, ಮಂಡೇ ಕೂಡ ನೀನು ಡಿನ್ನರ್‌ಗೆ ಬರ್ತೀಯಾ?"

"ಬರ್ತೀನಿ ಪುಟ್ಟಿ."

"ಟ್ಯೂಸ್‌ಡೇ?"

"ಟ್ಯೂಸ್‌ಡೇನೂ ಬರ್ತೀನಿ."

"ವಾರ ಪೂರ್ತಿ ಆಮೇಲೆ ಕೇಳುವೆಯಂತೆ, ಮೊದಲು ಬಾಯಿ ತೆಗಿ, ಆರಿಹೋಗುತ್ತೆ," ಅಂದೆ. ಅಳಿಯಂದಿರು ಸದ್ದಿಲ್ಲದೆ ಪ್ಲೇಟು ಮುಂದಕ್ಕೆ ಚಾಚಿದರು. ಎಲ್ಲರಿಗೂ ಇನ್ನೊಂದೊಂದು ಸೌಟು ಬಡಿಸಿ, ನಾನೂ ಹಾಕಿಕೊಂಡೆ.