ಮೊಪೆಡ್ ಮೇಲೆ ಗ್ಯಾಲಕ್ಸಿ

ಹೋದ ವಾರ ಕುಣಿಗಲ್ ಬಸ್ಸಿನಲ್ಲಿ ಕೂತಿದ್ದೆ. ಗೂಳೂರು ದಾಟಿದ ಮೇಲೆ, ರಸ್ತೆಗೆ ಹರಡಿದ್ದ ರಾಗಿ ತೆನೆಯನ್ನು ತುಳಿದುಕೊಂಡೇ ಬಸ್ಸು ಹಾಯಿತು. ಹೊಟ್ಟಿನ ವಾಸನೆ ಕಿಟಕಿಯೊಳಗೆ ನುಗ್ಗಿತು. ಮೊದಲು ಸೀನು ಬಂತು, ಹಿಂದೆಯೇ ನಮ್ಮ ಫಿಸಿಕ್ಸ್ ಮಿಸ್ಸಿನ ಒಂದು ಪಾಠ ನೆನಪಾಯಿತು...

ಗುಬ್ಬಿ ಹತ್ತಿರದ ಪುಟ್ಟ ಕಾಲೇಜು ನಮ್ಮದು. ಚೆನ್ನಾಗಿ ಓದುವವರನ್ನೆಲ್ಲ ತುಮಕೂರು ಎಳೆದುಕೊಳ್ಳುತ್ತಿತ್ತು. ಸೈನ್ಸ್‌ನಲ್ಲಿ ಉಳಿದ ನಾವು ಒಂದು ಆಟೋದಲ್ಲಿ ಹಿಡಿಸುವಷ್ಟು ಜನ. ಮಿಸ್ ಬೇಸಿಗೆಯೆಲ್ಲ ಮನೆಮನೆ ಸುತ್ತಿದ್ದರೂ ನಮ್ಮ ನಂತರ ಯಾರೂ ಸೇರಲಿಲ್ಲ. ಮುಂದಿನ ವರ್ಷ ವಿಭಾಗವೂ ಇರುವುದಿಲ್ಲ, ಅವರ ಕೆಲಸವೂ ಇರುವುದಿಲ್ಲ ಎಂದು ಸುಗ್ಗಿಯ ಹೊತ್ತಿಗೆ ತೀರ್ಮಾನವಾಯಿತು.

ಆ ವಾರವೇ ಮಿಸ್ ಪೇಪರಿನಲ್ಲಿ ಬಂದಿದ್ದ ಒಂದು ಸುರುಳಿ ಗ್ಯಾಲಕ್ಸಿಯ ಚಿತ್ರ ತಂದರು. ಅದು ಗ್ಯಾಲಕ್ಸಿಗಳ ದೊಡ್ಡ ಗುಂಪಿನೊಳಗೆ ಬೀಳುತ್ತಿದೆಯಂತೆ. ಗುಂಪಿನ ತುಂಬ ಬಿಸಿ ಅನಿಲ. ಅದನ್ನು ಸೀಳಿಕೊಂಡು ಓಡುವಾಗ ಗ್ಯಾಲಕ್ಸಿಯ ಸ್ವಂತ ಅನಿಲ ಹಿಂದಕ್ಕೆ ಹಾರಿಹೋಗುತ್ತದಂತೆ. ನಮ್ಮ ತಲೆಗೆ ಹೋಗಲಿಲ್ಲ.

ಮಿಸ್ ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ರಸ್ತೆ ಬದಿಯಲ್ಲಿ ಒಬ್ಬ ಅಜ್ಜಿ ರಾಗಿ ತೂರಲು ಗಾಳಿಗೆ ಕಾಯುತ್ತಿದ್ದರು. ಎಲೆಯೂ ಅಲ್ಲಾಡುತ್ತಿರಲಿಲ್ಲ. ಮಿಸ್ ಅಜ್ಜಿಯಿಂದ ರಾಗಿ ತುಂಬಿದ ಮೊರವನ್ನು ಕೇಳಿ ಪಡೆದು, ನನ್ನನ್ನು ಮೊಪೆಡ್ ಹಿಂದೆ ಕೂರಿಸಿ ಕೈಗೆ ಕೊಟ್ಟರು.

“ಗಾಳಿ ಬರ್ದಿದ್ರೆ ನಾವೇ ಹೋಗೋಣ. ಕಾಳು ನಕ್ಷತ್ರ, ಹೊಟ್ಟು ಅನಿಲ. ಮೇಲಕ್ಕೆತ್ತಿ ಹಿಡ್ಕೊಳೇ!”

ಮೊಪೆಡ್ ಓಡಿದಂತೆ ಹೊಟ್ಟು ಬಾಲದ ಹಾಗೆ ಹಿಂದೆ ಹಾರಿತು. ಎಲ್ಲರೂ ಕಿರುಚಿದರು. ಆ ಹುರುಪಿಗೆ ಮಿಸ್ ಇನ್ನೂ ಜೋರು ಮಾಡಿದರು; ಚಕ್ರ ಗುಂಡಿಗಿಳಿದು ಅರ್ಧ ಕಾಳೂ ರಸ್ತೆಪಾಲಾಯಿತು.

“ಪಾಠ ಮಾಡೋದ್ ಬುಟ್ಟು ನನ್ ರಾಗಿ ಚೆಲ್ತಾ ಇದೀಯಲ್ಲವ್ವಾ!” ಎಂದು ಅಜ್ಜಿ ಕೂಗಿದರು. ಮಿಸ್ ನಗುತ್ತಲೇ ಸೆರಗು ಸಿಕ್ಕಿಸಿ ನಮ್ಮೊಂದಿಗೆ ಕಾಳು ಬಾಚಲು ಕೂತರು.

“ಆಮೇಲೆ ಆ ಗ್ಯಾಲಕ್ಸಿ ಸತ್ತೋಗುತ್ತಾ ಮಿಸ್?” ಎಂದೆ.

“ಹೊಸ ನಕ್ಷತ್ರ ಹುಟ್ಟಲ್ಲ ಕಣೇ. ಇರೋವು ಬೆಳಗ್ತಾನೇ ಇರ್ತವೆ.” ಮಿಸ್ ಮತ್ತೆ ಕಾಳು ಬಾಚತೊಡಗಿದರು.

ವಿಭಾಗ ನಮ್ಮೊಂದಿಗೇ ಮುಗಿಯಿತು. ಮಿಸ್ ಕುಣಿಗಲ್‌ಗೆ ಹೋದರು, ಮತ್ತೆ ಎಲ್ಲೂ ಪಾಠ ಮಾಡಲಿಲ್ಲ. ಆದರೂ ಅವರನ್ನು ನೆನೆದರೆ ನನಗೆ ಮರುಕ ಬರುವುದಿಲ್ಲ. ಅಷ್ಟು ಖುಷಿಯಾಗಿ ಪಾಠ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಬಸ್ಸಿಳಿದು ಅವರ ಮನೆಗೇ ಹೋದೆ. ಮಿಸ್ ತೀರಿಕೊಂಡು ವರ್ಷವಾಗಿತ್ತು, ಅವತ್ತು ತಿಥಿ. ನಮ್ಮ ತರಗತಿಯವರೆಲ್ಲ ಬಂದು ಊಟದ ಸಾಲಿನಲ್ಲಿ ಕೂತಿದ್ದರು. ನಾನೂ ಕೂತೆ. ಅವರ ಗಂಡ ಬಂದು ವಿಚಾರಿಸಿದಾಗ “ನಾವು ಮಿಸ್ಸಿನ ಕೊನೇ ಬ್ಯಾಚು” ಎಂದೆ.

“ಹಂಗನ್ಬೇಡಮ್ಮ, ಅವ್ಳಿಗೆ ಸಿಟ್ಟು ಬರ್ತಿತ್ತು. ‘ನನ್ ಮಕ್ಳು ಅನ್ನಿ, ಸಾಕು’ ಅಂತಿದ್ಲು.”

ಮಿಸ್ಸಿನ ದನಿ ಇನ್ನು ಕೇಳಿಸುವುದಿಲ್ಲ ಎನ್ನುವುದು ಆಗಲೇ ಸರಿಯಾಗಿ ಅರಿವಾದದ್ದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯ ಮಕ್ಕಳು ಮೊದಲ ಪಂಕ್ತಿಯಲ್ಲಿ ಉಣ್ಣುವುದುಂಟೇ? ಎಲೆ ಬಿಟ್ಟು ಎದ್ದು, ಬಡಿಸಲು ನಿಂತೆವು.